ಹಗುರ

ಬೆಂಗಳೂರಿನ ಪೇಪರಿನಾಗ ಅಂಗೈಯಗಲ ಬಂತು.
ಐದಕ್ಕೆ ಎರಡೂವರೆ ನಕ್ಷತ್ರ.
ಅರ್ಧ ನಕ್ಷತ್ರ ಹೆಂಗಿರ್ತೈತೆ ಅಂತ
ಮೌಲಾಲಿ ಗಿಟಾರು ಕೆಳಗಿಟ್ಟು ನೋಡಿದ:
ಕಟಿಂಗ್ ಮಾಸ್ತರು ತಪ್ಪಿ ಕೊಯ್ದ ಜೇಬಿನಂಗಿತ್ತು.

"ಹತ್ತು ಹಾಡುಗಳು. ಹತ್ತೂ ಕುಣಿಯುತ್ತವೆ.
ಗಣಿಗಳ ನಾಡಿನಿಂದ ಬಂದ ಈ ಹುಡುಗರಲ್ಲಿ
ಆ ಕೆಂಪು ಧೂಳೆಲ್ಲಿ? ಆ ನೋವೆಲ್ಲಿ?
ಒಟ್ಟಿನಲ್ಲಿ ಹಗುರವಾದ ಕೃತಿ."

ಧೂಳಿತ್ತು ಸಾರ್.
ಮೈಕಿನ ಜಾಲರಿಯೊಳಗೇ ಇತ್ತು.
ಎರ್ರಿಸ್ವಾಮಿ ಹಳೇ ಬನಿಯನ್ನಿಂದ ಒರೆಸಿ, ಆಮೇಲೆ ಬಾಯಿ ಬಿಟ್ಟ.
ನೋವೂ ಇತ್ತು. ಎಡಗಡೆ ದವಡೆ ಹಲ್ಲಿಂದು.
ಮೂರನೇ ಹಾಡು ಪೂರ್ತಿ ಲವಂಗ ಕಚ್ಕೊಂಡೇ ಹಾಡ್ಯಾನೆ.
'ಸ' ಬಂದಲ್ಲೆಲ್ಲ ಗಾಳಿ ಸಣ್ಣಗೆ ಸೀಳ್ತೈತೆ,
ಕಿವಿಗೊಟ್ಟೋರಿಗೆ.

ರೆಕಾರ್ಡ್ ಮಾಡಿದ್ದು ಕೌಲ್ ಬಜಾರಿನ ಹಿಂದೆ
ನಮ್ಮ ಜೀನ್ಸ್ ಯೂನಿಟ್ಟಿನ ಗೋದಾಮಿನಾಗ.
ಸೂರಿನ ಮಟ ಡೆನಿಮ್ ಥಾನು ಒಟ್ಟಿದ್ವಿ
ಹೊರಗಿನ ಸದ್ದು ಒಳಗೆ ಬರಬಾರದು ಅಂತ.
ಆದರೂ ಐದನೇ ಹಾಡಿನಾಗ ಗುಂತಕಲ್ ಪ್ಯಾಸೆಂಜರ್ ಹಾದು ಹೋಗೈತೆ.
ತೆಗೀಲಿಲ್ಲ. ತಾಳಕ್ಕೆ ಸರಿಯಾಗಿ ಬಂದಿತ್ತು,
ಟೈಮಿಗೆ ಸರಿಯಾಗಿ ಬಂದಿರಲಿಲ್ಲ, ಅಷ್ಟೇ.

ನಾನು ಮಷೀನ್ ರಿಪೇರಿಯವ. ಬೀಟು ನಂದು.
ಹದಿನೇಳನೇ ನಂಬರಿನ ಬಾಬಿನ್ ಸಡಿಲಾದಾಗ
ಟಕ್ ಟಕಾ ಟಕ್, ಒಂದು ಎಗರಿಸಿ, ಟಕ್.
ಮೊದಲು ಫೋನಿನಾಗ ಹಿಡ್ಕೊಂಡೆ,
ಆಮೇಲೆ ಸ್ಕ್ರೂಡ್ರೈವರ್ ತಗೊಂಡೆ.

ಊರಾಗಿನ ವಿಮರ್ಶೆ ಪೇಪರಿಗೆ ಬರಲಿಲ್ಲ.
ಹಾರ್ಮೋನಿಯಂ ಪಂಪಯ್ಯ ಮಾಸ್ತರು
ನಾಟಕ ಕಂಪನಿಗೆ ನಲವತ್ತು ವರ್ಷ ಕಾಲೊತ್ತಿದೋರು,
ಹತ್ತೂ ಹಾಡು ಕಣ್ಮುಚ್ಚಿ ಕೇಳಿ
"ಚಲೋ ಐತಪ. ಹಾಡೋದು ಯಾವಾಗ ಶುರು ಮಾಡ್ತೀರಿ?" ಅಂದ್ರು.
ಎರ್ರಿಸ್ವಾಮಿ ಅವ್ವಂದು ಬೇರೆ ಪ್ರಶ್ನೆ:
"ಒಂದು ಉಸುರಿಗೆ ಇಷ್ಟು ಮಾತಾಡೋ ಮಗ
ರೇಷನ್ ಅಂಗಡಿ ಮುಂದೆ ಯಾಕೆ ಮೂಕಬಸವ?"

ಪೇಪರು ಓದಿ ಹೇಳು ಅಂದ್ಲು ಹೊನ್ನೂರಮ್ಮ.
ಹೊಲಿಗೆ ಮುಗಿದ ಪ್ಯಾಂಟು ವಾಷಿಂಗಿಗೆ ಹೊರೋಳು,
ಗಂಟಿಗೆ ಅರವತ್ತು.
ನೀಲಿ ಅಂಟಿದ ಕತ್ತು ವಾರೆ ಮಾಡಿ ಕೇಳಿದ್ಲು:
"ಹಗುರ ಅಂದಾನಾ? ಬೈದಾನೋ, ಹೊಗಳ್ಯಾನೋ?"
ಬೈದಾನಕ್ಕ.
"ಅವ ಏನೂ ಹೊತ್ತಿಲ್ಲ ಬಿಡು" ಅಂದು
ಸಿಂಬಿ ಸರಿಮಾಡ್ಕೊಂಡು ಎದ್ಲು.

ಐದಕ್ಕೆ ಐದು ಕೊಟ್ಟೋನು ಒಬ್ಬನೇ, ನಮ್ಮ ಸಾಹುಕಾರ.
ಎರಡನೇ ಹಾಡು ಹಚ್ಚಿದ್ರೆ
ಗಂಟೆಗೆ ಹನ್ನೊಂದು ಪ್ಯಾಂಟು ಜಾಸ್ತಿ ಬೀಳ್ತಾವಂತ ಲೆಕ್ಕ ಹಿಡಿದ.
ಎದೆಮಟ್ಟದ ಸ್ಪೀಕರು ತಂದ.
ಮುಂಜಾನೆ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ
ಅದೇ ಹಾಡು, ಅದೇ ಟಕ್ ಟಕಾ ಟಕ್,
ಹದಿನೇಳನೇ ನಂಬರಿನ ರೋಗ ಮೂವತ್ತೆರಡು ಮಷೀನಿಗೂ ಹತ್ತಿತು.
ಮೊದಲ ದಿನ ಎಲ್ಲರೂ ನಮ್ಮ ಕಡೆ ನೋಡಿ ನಕ್ಕರು.
ಮೂರನೇ ದಿನ ನೋಡಲಿಲ್ಲ.
ಶನಿವಾರ ಹೊನ್ನೂರಮ್ಮ ಗಂಟು ಇಳಿಸಿ ಅಂದ್ಲು,
ಸಿಟ್ಟಿಲ್ಲ, ಎಣಿಸಿ ಹೇಳಿದಂಗೆ:
"ಅರವತ್ತೊಂದನೇ ಪ್ಯಾಂಟು ನಿಮ್ಮ ಹಾಡು."

ಆ ರಾತ್ರಿ ಎರಡೂವರೆ ನಕ್ಷತ್ರದ ಮನುಷ್ಯನ ಮೇಲೆ
ನಮಗ್ಯಾರಿಗೂ ಸಿಟ್ಟು ಬರಲಿಲ್ಲ.
ಮಿರ್ಚಿ ತಣ್ಣಗಾದವು, ಮಂಡಕ್ಕಿ ಮೆತ್ತಗಾದವು.
ಮೌಲಾಲಿ ತಂತಿ ಮುಟ್ಟಲಿಲ್ಲ.

ಸೋಮವಾರ ಸ್ಪೀಕರು ಕೆಟ್ಟಿತ್ತು.
ರಿಪೇರಿಗೆ ನನ್ನನ್ನೇ ಕರೆದರು.
ತಿರುವಿ ನೋಡಿದೆ, ಬೆನ್ನಿಗೆ ಕಿವಿಯಿಟ್ಟೆ,
ಪಾರ್ಟು ಬರಬೇಕು ಅಂದೆ.
"ಎಲ್ಲಿಂದ?"
ಬೆಂಗಳೂರಿಂದ.

ಈಗ ಮಷೀನುಗಳದ್ದಷ್ಟೇ ಸದ್ದು, ಒಂದೊಂದಕ್ಕೆ ಒಂದೊಂದು ನಡೆ.
ಅದರ ನಡುವೆ ಹೊನ್ನೂರಮ್ಮ ಗಂಟು ಹೊತ್ತು ಹೊರಟಾಳೆ,
ಬಾಯಾಗ ಏನೋ ಗುನುಗು.
ಬಾಗಿಲ ಹತ್ತಿರ ಹಾಯುವಾಗ ಗುರುತು ಹಿಡಿದೆ:
ಎರಡನೇದಲ್ಲ, ಮೂರನೇ ಹಾಡು.
ತನ್ನ ಕಾಲಿನ ವೇಗಕ್ಕೆ ಇಳಿಸ್ಕೊಂಡಾಳೆ,
ಆ ಹಲ್ಲುನೋವಿನ 'ಸ' ಸಮೇತ.