ಜಬೀವುಲ್ಲಾ ಉಗುರಿಂದ ಉಜ್ಜಿ ತೋರಿಸಿದ್ದು

ಮಂಡಿ ಮೊಹಲ್ಲಾದಲ್ಲಿ ಲಾರಿಗೆ ಟಾರ್ಪಾಲು ಹೊಲಿಯುವ ಅಂಗಡಿ.
ಬ್ಯಾಗು ಅಲ್ಲಿಯ ಕಸುಬಲ್ಲ, ಉಳಿದ ತುಂಡಿನ ಲಾಭ.
ಮೊಳೆಗೆ ನೇತುಹಾಕಿದ ಎರಡರ ಮುಂದೆ
ಕಾಲು ಬದಲಿಸುತ್ತ ನಿಂತೆ:
ಒಂದಕ್ಕೆ ಲೇಪ, ನೀರು ಬಿದ್ದರೆ ಕೆಸುವಿನೆಲೆ.
ಇನ್ನೊಂದು ಹಸಿ ಬಟ್ಟೆ, ಗಂಜಿಯ ವಾಸನೆ, ಗೋಧಿಯ ಬಣ್ಣ,
ಮುಟ್ಟಿದರೆ ಬೆರಳನ್ನು ತುಸು ಹಿಡಿಯುತ್ತದೆ.

ನನ್ನ ಕೆಲಸ ಕೇಳಿದ ಮೇಲೆ ಆತ ಲೇಪದ್ದನ್ನೇ ಇಳಿಸಿದ.
ಬೆಳಗಿನ ಆರಕ್ಕೆ, ಅವರ ಕಾಫಿಗೆ ಮುಂಚೆ,
ಸರಸ್ವತೀಪುರಂ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ,
ಮನೆಮನೆಗೆ ಹೋಗಿ ರಕ್ತ ತರುವವಳು ನಾನು.
ಸಿರಿಂಜು, ಹತ್ತಿ, ಸ್ಪಿರಿಟ್ಟು, ಐಸಿನ ಡಬ್ಬಿ,
ನೇರಳೆ ಮುಚ್ಚಳ, ಕೆಂಪು ಮುಚ್ಚಳ, ಬೂದು ಮುಚ್ಚಳ.

"ಒರೆಸಿದರೆ ಆಯ್ತು ಮೇಡಂ. ಬ್ರಷ್ಷು ಬೇಡ,
ಬಿಸಿಲು ಬೇಡ, ಇಸ್ತ್ರಿ ಅಂತೂ ಹತ್ತಿರ ತರಬೇಡಿ.
ಮಡಚಬೇಡಿ. ಮಡಚಿದ ಕಡೆ ಅದು ನೆನಪಿಟ್ಕೊಳ್ತದೆ."

ನಾಲ್ಕು ವರ್ಷ ಒರೆಸಿದೆ.
ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ.
ರಕ್ತವೂ ಹೋಯಿತು, ಸಾಂಬಾರೂ ಹೋಯಿತು,
ಯಾರದೋ ಮೊಮ್ಮಗು ಕಕ್ಕಿದ ಹಾಲೂ.
ಹೊಸದಾಗೇ ಇತ್ತು, ಬೇರೆಯವರ ಬ್ಯಾಗಿನ ಹಾಗೆ.

ಐದನೆಯ ಮಳೆಗಾಲ, ತಳದ ಮಡಿಕೆಯಲ್ಲಿ
ಹಿಮ್ಮಡಿ ಒಡೆದಂತೆ ಬಿರುಕು.
ಮೊದಲು ಗೆರೆ, ಆಮೇಲೆ ಪುಡಿ,
ಕೋಟಿನ ಮೇಲೆ ಹೊಟ್ಟು.
ಹೊಲಿದುಕೊಡಿ ಅಂದೆ.
ಜಬೀವುಲ್ಲಾ ದಬ್ಬಳ ಒಂದೇ ಸಲ ಚುಚ್ಚಿ, ತೆಗೆದು,
ಬಾಗಿಲಿನತ್ತ ಹಿಡಿದ. ಬೆಳಕಿನ ಒಂದು ಚುಕ್ಕೆ.
"ಲೇಪದ್ದು ಹೀಗೇ. ತೂತು ತೂತಾಗೇ ಉಳೀತದೆ.
ನಾನು ಹೊಲಿದಷ್ಟೂ ಸೋರೋ ಜಾಗ ಜಾಸ್ತಿ."
ಮೊಳೆಯಿಂದ ಹಸಿ ಬಟ್ಟೆಯದನ್ನು ಇಳಿಸಿ
ಅದೇ ದಬ್ಬಳ ಚುಚ್ಚಿದ,
ಉಗುರಿಂದ ಹಿಂದಕ್ಕೂ ಮುಂದಕ್ಕೂ ಉಜ್ಜಿದ.
"ಈಗ ಹುಡುಕಿ."
ಎಳೆಗಳು ಒಂದನ್ನೊಂದು ಒತ್ತಿಕೊಂಡು ಕೂತಿದ್ದವು.
ಸಿಗಲಿಲ್ಲ.

ದಿನಕ್ಕೆ ಮೂವತ್ತು ಕೈ ಚುಚ್ಚುವವಳಿಗೆ
ಇಷ್ಟು ಹೇಳಿದರೆ ಸಾಕು.
ಮುನ್ನೂರ ಐವತ್ತು ಕೊಟ್ಟೆ.

ಹಸಿಯದರ ಕಾಟ ಬೇರೆ.
ಕುಡಿಯುತ್ತದೆ. ಏನಾದರೂ ಕುಡಿಯುತ್ತದೆ.
ಮೊದಲ ಒಗೆತಕ್ಕೆ ಅರ್ಧ ಇಂಚು ಕುಗ್ಗಿತು,
ಐಸಿನ ಡಬ್ಬಿ ಈಗ ಓರೆಯಾಗಿ ಮಾತ್ರ ಹೋಗುತ್ತದೆ.
ಜುಲೈಯಲ್ಲಿ ಹಿಡಿಯ ಬುಡಕ್ಕೆ ಬೂಷ್ಟು.
ಒಳಗೆ ಹಳೆ ಪೇಪರು ತುರುಕಿ, ನೆರಳಲ್ಲಿ,
ತಲೆಕೆಳಗಾಗಿ ನೇತುಹಾಕುತ್ತೇನೆ, ಬಾವಲಿಯ ಹಾಗೆ.
ಮಳೆಯಲ್ಲಿ ರಿಪೋರ್ಟಿಗೊಂದು ತೊಳೆದ ಹಾಲಿನ ಕವರು.

ಒಂಟಿಕೊಪ್ಪಲಿನ ಅಂಬುಜಾಕ್ಷಿ ಮಿಸ್ಸು,
ಮೂವತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟವರು.
ನರ ಜಾರುತ್ತದೆ, ಎರಡು ಸಲ ಚುಚ್ಚಬೇಕಾಯಿತು.
ಹತ್ತಿ ಒತ್ತುವಷ್ಟರಲ್ಲಿ ಬ್ಯಾಗಿನ ಮೇಲೆ ಒಂದು ಹನಿ.
"ಪ್ರೈಮರ್ ಬಳಿದಿಲ್ಲ ಇದಕ್ಕೆ," ಎಂದರು,
ತಪ್ಪು ಬಟ್ಟೆಯದೇ ಎಂಬಂತೆ.
"ಹಸಿ ಕ್ಯಾನ್‌ವಾಸಿನ ಮೇಲೆ ಬಣ್ಣ ಕೂರೋದಿಲ್ಲ,
ಒಳಗೆ ಹೋಗಿ ಸಂಸಾರ ಹೂಡುತ್ತೆ.
ಮಕ್ಕಳ ಕೈಗೆ ಕೊಡ್ತಾನೇ ಇರಲಿಲ್ಲ ನಾನು."
ಬಿಸಿನೀರಿಗೆಂದು ಏಳಹೋದರು. ಬೇಡವೆಂದೆ.
ಬಿಸಿನೀರು ರಕ್ತವನ್ನು ಬೇಯಿಸಿ ಕೂರಿಸುತ್ತದೆ.
ತಣ್ಣೀರು, ಕಲ್ಲುಪ್ಪು,
ಉಜ್ಜಬಾರದು, ತಟ್ಟಬೇಕು.

ಆ ಸಂಜೆ ತಟ್ಟಿದೆ. ಮುಕ್ಕಾಲು ಹೋಯಿತು.
ಉಳಿದದ್ದು ಟೀ ಬಣ್ಣದ್ದು, ಹೆಸರುಕಾಳಿನಷ್ಟು.

ಮುಂದಿನ ತಿಂಗಳು ತೋಳು ಚಾಚುವ ಮುಂಚೆ
ಕನ್ನಡಕ ಹಾಕಿಕೊಂಡು ಅದನ್ನು ಹುಡುಕಿದರು.
"ಸಿಕ್ತು. ಇದರಲ್ಲೂ ಶುಗರ್ ನೋಡ್ತಾರೇನೇ?"
ಪಕ್ಕದ ಮನೆಯ ಕುಕ್ಕರ್ ಕೂಗುವವರೆಗೂ ನಕ್ಕರು.
ನಾನು ಪಟ್ಟಿ ಬಿಗಿದು, ಬೆರಳಾಡಿಸಿ,
ಹಿಂದಿನ ಸಲ ಚುಚ್ಚಿದ್ದೆಲ್ಲಿ ಎಂದು ನೋಡಿದೆ.
ಸುಕ್ಕು ಇತ್ತು. ಮಚ್ಚೆ ಇತ್ತು.

ಲೇಪದ್ದನ್ನು ಎಸೆದಿಲ್ಲ.
ಬಿಚ್ಚಿ, ಸ್ಕೂಟರಿನ ಸೀಟಿಗೆ ಮಳೆಕವರು ಮಾಡಿದ್ದೇನೆ.
ರಾತ್ರಿ ಮಳೆ ಬಂದ ಬೆಳಿಗ್ಗೆ
ಸೀಟೆಲ್ಲ ಒಣಗಿರುತ್ತದೆ,
ದಬ್ಬಳ ಚುಚ್ಚಿದಲ್ಲಿ ಮಾತ್ರ ನಾಲ್ಕಾಣೆಯಷ್ಟು ಒದ್ದೆ.
ಕರವಸ್ತ್ರ ತೆಗೆಯುವಷ್ಟು ಪುರುಸೊತ್ತಿಲ್ಲ, ಆರು ಗಂಟೆ.
ಅದರ ಮೇಲೇ ಕೂತು ಹೊರಡುತ್ತೇನೆ.