ಚೆಕ್ಕುಬಂದಿ

ಸದರಿ ಮನಿ ರಾಯಚೂರು ಕೋಟಿಯೊಳಗ,
ಕಾಟಿ ದರವಾಜ ದಾಟಿ ಎಡಕ್ಕ ಹೊಳ್ಳಿದರ
ಎರಡು ಸೈಕಲ್ ಎದುರಾದರ ಒಂದು ಇಳೀಬೇಕಾದಂಥ ಗಲ್ಲಿ.
ಕಾರು ಬರೂದಿಲ್ಲ.
ಅದಕ್ಕಂತನೇ ರೇಟು ನಾಕು ಲಕ್ಷ ಇಳದದ.

ನಲವತ್ತು ವರ್ಷ ಬಾಂಡ್ ಬರದೀನಿ ನಾನು.
ಮನಿ ಅಂದರ ನಾಕು ದಿಕ್ಕು, ಒಂದು ಅಳತಿ,
ಯಾವ ತಕರಾರೂ ಇರುವುದಿಲ್ಲ ಅಂತ ಒಂದು ಸಾಲು.
ಆದರೂ ತೂಕದವರ ಮನಿಗೆ
ಟೇಪು ಹಿಡಕೊಂಡು ಖುದ್ದು ಹೋದೆ.
ಹಗಲ ಹನ್ನೆರಡು, ಏಪ್ರಿಲ್ಲು,
ಹೊರಗ ಕೋಟಿ ಕಲ್ಲು ರೊಟ್ಟಿ ಹಂಚಾಗಿತ್ತು.
ಪಡಸಾಲಿಗೆ ಕಾಲಿಟ್ಟೆ.
ಎರಡು ಮೊಳ ದಪ್ಪ ಮಣ್ಣಿನ ಗ್ವಾಡಿ,
ಯಾರೋ ಬೆನ್ನಿಗೆ ಒದ್ದಿ ಅರಿವಿ ಹೊಚ್ಚಿದಂಗಾತು.

ಕೊಳ್ಳಾಂವ ಹನುಮರೆಡ್ಡಿ, ಹತ್ತಿ ಬೀಜದ ಅಂಗಡಿಯಾಂವ.
ಗ್ವಾಡವನ್ನು ಮಾಡತಾನಂತ, ಗ್ವಾಡೌನು.
ಬೆರಳ ಗಣ್ಣಲೆ ಕಂಬ ಬಡದು ನೋಡಿದ,
ಸಾಗವಾನಿ ಹೌದೋ ಅಲ್ಲೋ,
ಬಿಚ್ಚಿ ಮಾರಿದರ ಎಷ್ಟಾದೀತು
ಅಂತ ನನ್ನ ಕಿವ್ಯಾಗ ಕೇಳಿದ.
ನಾನು ಅಳತಿ ಬರಕೊಂಡೆ.

ಹಿಸ್ಸೆದಾರರು ಐದು ಮಂದಿ.
ಮಹಾಂತಮ್ಮ ಆಧಾರ್ ಕಾರ್ಡ್ ಮರತು ಬಂದಾಳ.
ವಿರೂಪಣ್ಣ ಅಡ್ವಾನ್ಸು ಮೂರು ಸಲ ಎಣಿಸಿ
ಮೂರು ಸಲಾನೂ ಬ್ಯಾರೆ ಬ್ಯಾರೆ ಲೆಕ್ಕ ಹೇಳಿದ.
ಮನಿ ಸಲುವಾಗಿ ಯಾರೂ ಜಗಳಾಡಲಿಲ್ಲ,
ಜಗಳ ಎಲ್ಲಾ ಒಂದು ತಾಮ್ರದ ಹಂಡೇದು.

ಪಡಸಾಲಿ ಗ್ವಾಡಿ ಮ್ಯಾಲೆ ಇದ್ದಲಿಯ ಬರಹ:
ಬಿಳಿ ಜ್ವಾಳ, ಪಲ್ಲಕ್ಕ ಇಷ್ಟು, ಹಾಲಿ ಸಿಕ್ಕ.
ವರ್ಷಾ ಸುಣ್ಣ ಹೊಡದಾರ,
ಆ ಗೇಣು ಜಾಗ ಬಿಟ್ಟು ಹೊಡದಾರ.
ಅದರ ಕೆಳಗ ಪೆನ್ಸಿಲ್ಲಿಲೆ:
ನೀಲಾಂಬಿಕಾ, ಮೂರೂಕಾಲು ಸೇರು.

"ಹುಟ್ಟಿದ ಹನ್ನೆರಡನೇ ದಿನ
ತಕ್ಕಡಿಯೊಳಗ ತೂಗ್ಯಾರ್ರಿ ನನ್ನ" ಅಂದಳು ಆಕಿ.
ತೊಲಿಗೆ ಜೋತುಬಿದ್ದ ಕೊಂಡಿ ತೋರಿಸಿದಳು.
"ತಕ್ಕಡಿ ಬಿಚ್ಚಿ ಅದಕ್ಕ ತೊಟ್ಟಿಲ ಕಟ್ಟೂರು.
ಸುಗ್ಗಿ ಬಂತಂದರ ತೊಟ್ಟಿಲ ಬಿಚ್ಚಿ ತಕ್ಕಡಿ.
ನಮ್ಮನಿ ಕೂಸು ಸುಗ್ಗಿಯೊಳಗ ನೆಲದ ಮ್ಯಾಲೆ ಮಲಗೂದು.
ಆ ಕೊಂಡಿ ಒಂದು ನನಗ ಬಿಟ್ಟು ಬರೀರಿ."

ಪೂರ್ವಕ್ಕೆ ಸಾರ್ವಜನಿಕ ಗಲ್ಲಿ.
ದಕ್ಷಿಣಕ್ಕೆ ಕಂಚಗಾರ ಸೂಗಪ್ಪನ ಮಕ್ಕಳ ಮನೆ.
ಉತ್ತರಕ್ಕೆ ಅಳಿಯ ಗುರುನಂಜಯ್ಯನ ಖುಲ್ಲಾ ಜಾಗ, ಜಾಲಿ ಬೆಳದದ್ದು.
ಪಶ್ಚಿಮಕ್ಕೆ ಬಂದು ಪೆನ್ನು ನಿಂತಿತು.

ಹಿತ್ತಲ ಗ್ವಾಡಿ ಬಾವಿಯ ನಟ್ಟನಡು ಹಾದದ.
ಅರ್ಧ ಇವರದು, ಅರ್ಧ ಜೈತೂನ್‌ಬೀದು.
ಗ್ವಾಡಿ ಕಮಾನಿನ ಮ್ಯಾಲೆ ನಿಂತದ,
ನೀರಿಗೆ ಮುಟ್ಟಿಲ್ಲ.
ಕೆಳಗ ಎರಡು ಕೊಡ ಢಿಕ್ಕಿ ಹೊಡದರ
ಆಚಿಂದ "ಕೌನ್?"
ಈಚಿಂದ "ನಾನs".
ಮಾರಿ ಕಾಣಲಾರದ ದೋಸ್ತಿ,
ಲಗ್ನದಾಗ ನೋಡಿ "ನೀನೇನು ಆಕಿ" ಅಂದಿದ್ದಳಂತ.
ಹೇಳಿ ನೀಲಾಂಬಿಕಾ ಒಬ್ಬಾಕೇ ನಕ್ಕಳು.

"ಮುಚ್ಚಿಸಿ ಬಿಡತೀನಿ, ಅದೇನು ದೊಡ್ಡದು"
ಅಂದ ಹನುಮರೆಡ್ಡಿ.
"ನಿಮ್ಮ ಅರ್ಧಾನೋ, ಪೂರಾನೋ?"
ಬರಿಯೂ ಮನಿಷಾ ಕೇಳಬಾರದ ಮಾತು,
ಬಾಯಿಂದ ಬಿದ್ದಿತ್ತು.

ಅಷ್ಟರಾಗ ಆಚಿ ರಾಟಿ ಕಿರುಗುಟ್ಟಿತು.
ಹಗ್ಗ ಇಳಿಯೂ ಸಪ್ಪಳ,
ಬಾಳ ತಡ ಆಗಿ ನೀರಿನ ಸಪ್ಪಳ.
ಹಂಡೇದ ಜಗಳಾನೂ ನಿಂತಿತು.
ತಕ್ಕಡಿ ಮುಳ್ಳು ನಿಲ್ಲೂತನಕ
ಉಸಿರು ಹಿಡಿಯೂ ಗಿರಾಕಿಯಂಗ
ಎಲ್ಲರೂ ಸುಮ್ಮನ ಕುಂತರು.

ಪಶ್ಚಿಮಕ್ಕೆ ನೀರು, ಅಂತ ಬರದೆ.

ಸಂಜಿಕೆ ಟೈಪ್ ಮಾಡೂ ಹುಡುಗ ಕೇಳಿದ:
"ನೀರು ಯಾರ ಹೆಸರಿಲೆ ಅದ ಸರ್?"
ಹೊಡದು ಹಾಕಿಸಿದೆ.
ಅರ್ಧ ಬಾವಿ, ವಹಿವಾಟಿನ ಹಕ್ಕಿನೊಂದಿಗೆ.
ಕೊಂಡಿ ಮಾತ್ರ ಯಾವ ಕಲಮಿನೊಳಗೂ ಕೂಡಲಿಲ್ಲ.

ಸೋಮವಾರ ರಿಜಿಸ್ಟ್ರಿ, ಸರ್ವರ್ ನಡದರ.
ನೀಲಾಂಬಿಕಾ ಎಲ್ಲರಕಿಂತ ಮೊದಲ ಬರತಾಳಂತ.
ಹೆಬ್ಬಟ್ಟಿನ ಮಸಿ ಒರಸಿಕೊಳ್ಳಾಕ
ಹಳೇ ಅರಿವಿ ತಾನ ತರತಾಳಂತ, ಐವರಿಗೂ ಆಗೂವಷ್ಟು.