ನೂರಾ ಹತ್ತು ಡಿಗ್ರಿ

ಹನ್ನೊಂದು ನಿಮಿಷದ ತಪಾಸಣೆ. ಆ ಹುಡುಗ
ಪ್ಲಾಸ್ಟಿಕ್ಕಿನ ಕೋನಮಾಪಕ ಮಂಡಿಗೆ ಹಿಡಿದು
ಮಡಚಿ ಅಂದ.
ಮಡಚಿದೆ.
ಇನ್ನೂ ಆಗುತ್ತಾ ಸರ್?
ಸರ್ ಅಂದನಲ್ಲ, ಇನ್ನೂ ಮಡಚಿದೆ,
ಹಲ್ಲು ಕಚ್ಚಿ, ಮುಖದ ಮೇಲೆ ಒಂದು ಗೆರೆಯೂ ಏಳದ ಹಾಗೆ,
ಇಪ್ಪತ್ತರಲ್ಲಿ ಸಾರ್ಜೆಂಟ್ ಕಲಿಸಿದ ಹಾಗೆ.

ಪತ್ರ ಬಂತು: ನೂರಾ ಹತ್ತು ಡಿಗ್ರಿ. ನೋವಿನ ಲಕ್ಷಣ ಅಲ್ಪ.
ಶೇಕಡಾ ಹತ್ತು.
ಅಂದರೆ, ಡೊರೋಟಾ ಲೆಕ್ಕ ಹಾಕಿದಳು, ತಿಂಗಳಿಗೆ
ಮೂರು ಸಲ ಕಾರಿಗೆ ಪೆಟ್ರೋಲು, ಮಿಕ್ಕಿದ್ದರಲ್ಲಿ ಬೆಕ್ಕಿನ ಊಟ.

ಮೇಲ್ಮನವಿ ಹಾಕು ಅಂತಾರೆ. ಹೆಸರಲ್ಲೇ ಮೇಲೆ ಇದೆ ನೋಡಿ,
ಮೇಲೆ ಹತ್ತುವುದೇ ನನ್ನ ತಕರಾರು.
ಡುಲೂತ್ ಊರೇ ಒಂದು ಮೆಟ್ಟಿಲ ಸಾಲು: ಸರೋವರದಲ್ಲಿ ಶುರುವಾಗಿ
ನಮ್ಮ ಮನೆ ಬಾಗಿಲಿಗೆ ಬಂದು ಮುಗಿಯುತ್ತೆ.

ಪೆಟಿಗ್ರೂ ಮಿಸಿಸಿಪ್ಪಿಯಿಂದ ಸಾಕ್ಷಿ ಬರೆದು ಕಳಿಸಿದ,
ದೊಡ್ಡ ದೊಡ್ಡ ಅಕ್ಷರ, ಮಗ್ಗಿ ಬರೆಯುವ ಮಗುವಿನ ಹಾಗೆ:
'ಎಂಬತ್ತೆಂಟರ ಫೆಬ್ರವರಿ. ರಾತ್ರಿ ಜಿಗಿತ. ಗಾಳಿ ಹೆಚ್ಚಿತ್ತು.
ವೋಯ್ಟಾಸ್ ಬಿದ್ದ ಸದ್ದು ನನಗೆ ಕೇಳಿಸಿತು.
ಒಣ ಕೊಂಬೆ ಮುರಿಯಿತು ಅಂದುಕೊಂಡೆ.
ಮರಗಳೇ ಇರಲಿಲ್ಲ ಅಲ್ಲಿ.'

ದಾಖಲೆಯಲ್ಲಿ ಆ ರಾತ್ರಿಗೆ ಒಂದೇ ಸಾಲು:
ಮಾತ್ರೆ ಕೊಟ್ಟು ಕಳಿಸಲಾಗಿದೆ.

ನನ್ನ ಹೇಳಿಕೆಯ ಕಾಗದ ಮಾತ್ರ ಮೂರು ವಾರದಿಂದ ಖಾಲಿ.
ನೋವಿದೆ ಅಂತ ಬರೆದೆ, ಹೊಡೆದು ಹಾಕಿದೆ.
ಒಂದರಿಂದ ಹತ್ತರೊಳಗೆ ಹೇಳಿ, ಅಂತಾರೆ.
ಹಿಮ ಬೀಳುವ ಹಿಂದಿನ ದಿನ ಎಷ್ಟು, ಬಿದ್ದ ಮೇಲೆ ಎಷ್ಟು,
ಅದಕ್ಕೆ ಅಲ್ಲಿ ಜಾಗವಿಲ್ಲ.

ಭಾನುವಾರ ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿದಾಗ
ನಾನೊಬ್ಬ ಕೂತೇ ಇರುತ್ತೇನೆ.
ಹಿಂದಿನ ಸಾಲಿನ ಮುದುಕಿಗೆ ನಾನು ಸೊಕ್ಕಿನವ.
ಇರಲಿ, ನಾಸ್ತಿಕ ಅನ್ನಲಿ, ಕುಂಟ ಅನ್ನದಿದ್ದರೆ ಸಾಕು
ಅಂತ ಎಷ್ಟು ವರ್ಷ ದೇವರೆದುರೇ ನಟಿಸಿದೆ.

ನಿನ್ನೆ ರಾತ್ರಿ ಡೊರೋಟಾ ತನ್ನ ಹೇಳಿಕೆ ಬರೆದು
ಉಪ್ಪಿನ ಡಬ್ಬಿಯ ಕೆಳಗಿಟ್ಟು ಮಲಗಿದಳು:

'ನನ್ನ ಗಂಡ ನೆಲಮಾಳಿಗೆಗೆ ಹಿಮ್ಮುಖವಾಗಿ ಇಳಿಯುತ್ತಾರೆ,
ಗೋಡೆ ಹಿಡಿದು, ಏಣಿ ಇಳಿದ ಹಾಗೆ.
ಆಗ ನಾನು ಟಿವಿಯ ಸದ್ದು ಜೋರು ಮಾಡುತ್ತೇನೆ,
ಅವರ ನರಳಾಟ ನನಗೆ ಕೇಳಿಸಿತೆಂದು ಅವರಿಗೆ ತಿಳಿಯದಿರಲಿ ಅಂತ.
ಹತ್ತೊಂಬತ್ತು ವರ್ಷದಿಂದ.'

ನಿಂತೇ ಓದಿದೆ. ಆಮೇಲೆ ಕೂತೆ,
ಎರಡು ಕೈ ಮೇಜಿಗೆ ಊರಿ, ನಿಧಾನಕ್ಕೆ, ನರಳುತ್ತಾ,
ಮನೆಗೆಲ್ಲ ಕೇಳುವ ಹಾಗೆ.
ಕಾಗದ ಎಳೆದುಕೊಂಡು ಬರೆದೆ:
ಆ ಹನ್ನೊಂದು ನಿಮಿಷ ನಾನು ಸುಳ್ಳು ಹೇಳಿದೆ.

ಬೆಳಿಗ್ಗೆ ಅಂಚೆಗೆ ಹಾಕಬೇಕು.
ಪೆಟ್ಟಿಗೆ ಇರುವುದು ಇಳಿಜಾರಿನ ಕೆಳಗೆ.